ಬಲ ಮತ್ತು ಆಶ್ರಯ: ಮ್ಯಾಗ್ನಮ್ ರಿವಾಲ್ವರಿನ ಚೌಕಟ್ಟು ಎತ್ತುವ ಪ್ರಶ್ನೆ

ಬಲವು ತನ್ನಷ್ಟಕ್ಕೆ ತಾನು ಎಲ್ಲಿಯೂ ನಿಲ್ಲುವುದಿಲ್ಲ, ಯಾವುದಾದರೊಂದು ವಸ್ತುವನ್ನು ಆಶ್ರಯಿಸಿಯೇ ಇರುತ್ತದೆ ಎಂಬುದು ವೈಶೇಷಿಕ ದರ್ಶನದ ಮೂಲಭೂತ ನಿಲುವುಗಳಲ್ಲಿ ಒಂದು. ಗುಣಕ್ಕೆ ದ್ರವ್ಯ ಬೇಕು. ಆಧೇಯಕ್ಕೆ, ಅಂದರೆ ಹೊರಿಸಲ್ಪಟ್ಟದ್ದಕ್ಕೆ, ಆಧಾರ ಬೇಕು. ಈ ನಿಲುವನ್ನು ಒಪ್ಪಿದವರ ಮುಂದೆ ತಾನಾಗಿಯೇ ಬಂದು ನಿಲ್ಲುವ ಇನ್ನೊಂದು ಪ್ರಶ್ನೆಯಿದೆ: ಬಲವನ್ನು ಹೊತ್ತ ಆಧಾರಕ್ಕೆ ಆ ಹೊರೆಯಿಂದಲೇ ಏನಾಗುತ್ತದೆ? ಒಂದು ಹೊಡೆತವನ್ನು ಒಮ್ಮೆ ತಡೆದುಕೊಂಡ ವಸ್ತು ಅದೇ ಹೊಡೆತವನ್ನು ಹತ್ತು ಸಾವಿರ ಸಲ ತಡೆದುಕೊಳ್ಳಬಲ್ಲದೆಂದು ಯಾವ ಪ್ರಮಾಣದಿಂದ ಹೇಳಬಹುದು? ಒಂದು ವಸ್ತುವಿಗೆ ಸಾಮರ್ಥ್ಯವಿದೆ ಎನ್ನುವಾಗ ಒಂದು ಗಳಿಗೆಯ ಸಾಮರ್ಥ್ಯ ಮತ್ತು ಒಂದು ಆಯುಷ್ಯದ ಸಾಮರ್ಥ್ಯ ಇವೆರಡರಲ್ಲಿ ಯಾವುದು ಉದ್ದೇಶಿತ? ಅಮೂರ್ತವಾಗಿ ಕೇಳಿದರೆ ಹಿಡಿತಕ್ಕೆ ಸಿಗದ ಈ ಪ್ರಶ್ನೆ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ 20ನೆಯ ಶತಮಾನದಲ್ಲಿ ತಯಾರಿಸಿದ ರಿವಾಲ್ವರ್‌ಗಳ ಚರಿತ್ರೆಯಲ್ಲಿ, ಅಳತೆಗೋಲು ಹಿಡಿದು ನೋಡಬಹುದಾದಷ್ಟು ಸ್ಪಷ್ಟವಾಗಿ ಮೂಡಿದೆ. ಕೊಲ್ಲುವ ಉಪಕರಣವೊಂದನ್ನು ತತ್ತ್ವವಿಚಾರಕ್ಕೆ ಎತ್ತಿಕೊಳ್ಳುವುದು ಸಲ್ಲುತ್ತದೆಯೇ ಎಂಬ ಅನುಮಾನ ನ್ಯಾಯವಾದದ್ದು; ಅದನ್ನು ಬದಿಗೆ ಸರಿಸದೆ ಮುಂದೆ ನೇರವಾಗಿಯೇ ಎದುರಿಸಬೇಕಾಗುತ್ತದೆ.

ರಿವಾಲ್ವರ್ ಎಂದರೆ ತಿರುಗುವ ಸಿಲಿಂಡರಿನ ಗೂಡುಗಳಲ್ಲಿ ಐದೋ ಆರೋ ತೋಟಾಗಳನ್ನು ಇರಿಸಿಕೊಂಡು, ಒಂದೊಂದನ್ನೇ ನಳಿಗೆಯ ನೇರಕ್ಕೆ ತಂದು ಸಿಡಿಸುವ ಕೈಬಂದೂಕು. ನಳಿಗೆ, ಸಿಲಿಂಡರ್ ಮತ್ತು ಹಿಡಿ ಇವೆಲ್ಲವನ್ನೂ ಒಂದಾಗಿ ಕಟ್ಟಿ ಹಿಡಿಯುವ ಉಕ್ಕಿನ ಒಡಲಿಗೆ ಫ್ರೇಮ್, ಅಂದರೆ ಚೌಕಟ್ಟು, ಎಂದು ಹೆಸರು. ಈ ಕಂಪನಿ ತನ್ನ ಚೌಕಟ್ಟುಗಳ ಗಾತ್ರವನ್ನು ಅಕ್ಷರಗಳಿಂದ ಗುರುತಿಸುತ್ತ ಬಂದಿದೆ: ಜೆ ಎಂಬುದು ಜೇಬಿಗೆ ಸೇರುವಷ್ಟು ಸಣ್ಣದು, ಕೆ ಎಂಬುದು ಮಧ್ಯಮ, ಎಲ್ ಅದಕ್ಕಿಂತ ತುಸು ದೊಡ್ಡದು, ಎನ್ ದೊಡ್ಡದು. ಗಾತ್ರಗಳ ಈ ಅಂತರ ಕಣ್ಣಿಗೆ ಅಲ್ಪವೆನಿಸುತ್ತದೆ. ಸಿಲಿಂಡರಿನ ವ್ಯಾಸ ಕೆ ಚೌಕಟ್ಟಿನಲ್ಲಿ ಸುಮಾರು 37 ಮಿಲಿಮೀಟರ್, ಎಲ್ ಚೌಕಟ್ಟಿನಲ್ಲಿ ಸುಮಾರು 40, ಎನ್ ಚೌಕಟ್ಟಿನಲ್ಲಿ ಸುಮಾರು 43. ಮುಂದೆ ವಿವರಿಸಲಿರುವ ವಿವಾದವೆಲ್ಲ ಈ ಮೂರು ಮೂರು ಮಿಲಿಮೀಟರ್ ಉಕ್ಕಿನ ಸುತ್ತ ಹುಟ್ಟಿದ್ದು ಎಂಬುದನ್ನು ನೆನಪಿಡಬೇಕು.

ಕೆ ಚೌಕಟ್ಟು 1899ರಲ್ಲಿ .38 ಸ್ಪೆಷಲ್ ಎಂಬ ತೋಟಾದ ಜೊತೆಜೊತೆಯಲ್ಲೇ ಬಂದಿತು. ಅದು ಆ ತೋಟಾಕ್ಕೆಂದೇ ಅಳತೆಗೊಂಡ ಒಡಲು. ಎನ್ ಚೌಕಟ್ಟು 1908ರಲ್ಲಿ .44 ಸ್ಪೆಷಲ್ ಎಂಬ ದಪ್ಪ ತೋಟಾಕ್ಕಾಗಿ ರೂಪುಗೊಂಡಿತು. 1930ರಲ್ಲಿ ಕಂಪನಿಯವರು ಈ ದೊಡ್ಡ ಚೌಕಟ್ಟಿಗೆ .38ರ ನಳಿಗೆಯನ್ನೇ ಕೂಡಿಸಿ, ಹೆಚ್ಚಿನ ಒತ್ತಡದ ಮದ್ದು ತುಂಬಿದ ತೋಟಾಗಳನ್ನು ಅದರಲ್ಲಿ ಹಾರಿಸಬಹುದೆಂದು ತೋರಿಸಿದರು. ಅದರ ಮುಂದಿನ ಹೆಜ್ಜೆಯೇ 1935ರ .357 ಮ್ಯಾಗ್ನಮ್. ಡಗ್ಲಸ್ ವೆಸನ್, ಫಿಲಿಪ್ ಶಾರ್ಪ್ ಮತ್ತು ಎಲ್ಮರ್ ಕೀತ್ ಎಂಬ ಮೂವರ ಪ್ರಯೋಗಗಳ ಹಿನ್ನೆಲೆಯಲ್ಲಿ, ವಿಂಚೆಸ್ಟರ್ ಕಂಪನಿಯ ಸಹಕಾರದಿಂದ ಬಂದ ಈ ತೋಟಾದ ಗುಂಡು .38 ಸ್ಪೆಷಲ್‌ನ ಗುಂಡಿನಷ್ಟೇ ದಪ್ಪದ್ದು. ಕವಚ ಮಾತ್ರ ಸುಮಾರು 3.4 ಮಿಲಿಮೀಟರ್ ಉದ್ದ. ಆ ಉದ್ದ ಬಂದದ್ದು ಮದ್ದಿಗೆ ಜಾಗ ಸಾಲದೆಂದಲ್ಲ, ಹೊಸ ತೋಟಾ ಹಳೆಯ ದುರ್ಬಲ ರಿವಾಲ್ವರಿನ ಗೂಡಿನೊಳಕ್ಕೆ ಇಳಿಯಬಾರದೆಂದು. ಇಂದಿನ ಅಮೆರಿಕದ ಮಾನದಂಡದಂತೆ .38 ಸ್ಪೆಷಲ್ ಗೂಡಿನೊಳಗಿನ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್, .357 ಮ್ಯಾಗ್ನಮ್‌ನದು 35,000 ಪೌಂಡ್. ಒತ್ತಡ ಎರಡು ಪಟ್ಟಾದಾಗ ಆಶ್ರಯವೂ ಬೇರೆಯಾಗಬೇಕೆಂಬ ವಿವೇಕ ಈ ಆರಂಭದ ಹೆಜ್ಜೆಯಲ್ಲಿ ಲೋಹದಲ್ಲೇ ಬರೆದಿಟ್ಟಂತಿತ್ತು: ಬಲಕ್ಕೆ ತಕ್ಕ ದೊಡ್ಡ ಚೌಕಟ್ಟು, ತಕ್ಕದ್ದಲ್ಲದ ಚೌಕಟ್ಟಿಗೆ ಪ್ರವೇಶವೇ ಇಲ್ಲದಂಥ ಕವಚ.

ಈ ವಿವೇಕ ಸಡಿಲಗೊಂಡದ್ದು ದುರಾಸೆಯಿಂದಲ್ಲ, ಒಂದು ಸಮಂಜಸವಾದ ಬೇಡಿಕೆಯಿಂದ. ಎನ್ ಚೌಕಟ್ಟಿನ ರಿವಾಲ್ವರ್ ಸುಮಾರು 1.2 ಕಿಲೋಗ್ರಾಂ ತೂಗುತ್ತಿತ್ತು. ದಿನವಿಡೀ ಅದನ್ನು ಸೊಂಟದಲ್ಲಿ ಹೊರಬೇಕಾದ ಪೊಲೀಸರಿಗೆ ಅದು ಭಾರವೇ. ಅಮೆರಿಕದ ಗಡಿಕಾವಲು ಪಡೆಯ ಅಧಿಕಾರಿ ಬಿಲ್ ಜೋರ್ಡನ್, ಮ್ಯಾಗ್ನಮ್ ತೋಟಾವನ್ನು ಸಿಡಿಸಬಲ್ಲ ಆದರೆ ಕೆ ಚೌಕಟ್ಟಿನಷ್ಟೇ ಹಗುರವಾದ ರಿವಾಲ್ವರ್ ಬೇಕೆಂದು ಕಂಪನಿಯನ್ನು ಕೇಳಿದರು. ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿಮಾಡುವ ವಿಧಾನಗಳು ಆ ವೇಳೆಗೆ ಸುಧಾರಿಸಿದ್ದವು. 1955ರ ಕೊನೆಯಲ್ಲಿ ಕೆ ಚೌಕಟ್ಟಿನ ಕಾಂಬ್ಯಾಟ್ ಮ್ಯಾಗ್ನಮ್ ಬಂದಿತು. 1957ರಿಂದ ಅದರ ಹೆಸರು ಮಾಡೆಲ್ 19, ಅದರ ತುಕ್ಕುಹಿಡಿಯದ ಉಕ್ಕಿನ ರೂಪ ಮುಂದೆ ಮಾಡೆಲ್ 66. ತೂಕ 1 ಕಿಲೋಗ್ರಾಮಿನ ಆಸುಪಾಸು. ಅಭ್ಯಾಸಕ್ಕೆ .38 ಸ್ಪೆಷಲ್, ಕರ್ತವ್ಯದಲ್ಲಿ ಮಾತ್ರ ಮ್ಯಾಗ್ನಮ್ ಎಂಬುದು ಆ ಕಾಲದವರೆಲ್ಲರಿಗೂ ತಿಳಿದಿದ್ದ ರೂಢಿ. ಎಂದರೆ ಈ ಒಡಲು ಮಹಾಬಲವನ್ನು ಆಪತ್ಕಾಲದಲ್ಲಿ ಹೊರಲು ಒಪ್ಪಿತ್ತೇ ಹೊರತು ನಿತ್ಯ ಹೊರಲು ಒಪ್ಪಿರಲಿಲ್ಲ. ಆದರೆ ಆ ಶರತ್ತು ಎಲ್ಲಿಯೂ ಲೋಹದಲ್ಲಿ ಕೊರೆದಿರಲಿಲ್ಲ. ನಳಿಗೆಯ ಮೇಲೆ ಕೊರೆದಿದ್ದದ್ದು .357 ಮ್ಯಾಗ್ನಮ್ ಎಂಬುದು ಮಾತ್ರ.

ಇಲ್ಲಿ ಯಂತ್ರದ ಒಂದು ಸಣ್ಣ ಭಾಗದ ಕಡೆಗೆ ಗಮನ ಹರಿಸುವುದು ಅನಿವಾರ್ಯ. ಸಿಲಿಂಡರ್ ತಿರುಗಬೇಕಾದ್ದರಿಂದ ಅದಕ್ಕೂ ನಳಿಗೆಗೂ ನಡುವೆ ಒಂದು ಸಣ್ಣ ಸಂದು ಇರಲೇಬೇಕು; ಸಾಮಾನ್ಯವಾಗಿ ಅದು 0.1ರಿಂದ 0.2 ಮಿಲಿಮೀಟರ್. ಗೂಡಿನಿಂದ ಚಿಮ್ಮಿದ ಗುಂಡು ಆ ಸಂದನ್ನು ದಾಟಿ ನಳಿಗೆಯ ಹಿಂತುದಿಯ ಆಲಿಕೆಯಂಥ ಬಾಯಿಗೆ ನುಗ್ಗುತ್ತದೆ. ಆ ಬಾಯಿಗೆ ಫೋರ್ಸಿಂಗ್ ಕೋನ್ ಎಂದು ಹೆಸರು. ಗುಂಡಿನ ಹಿಂದೆಯೇ ಕಾದ ಅನಿಲವೂ ಉರಿದು ಮುಗಿಯದ ಮದ್ದಿನ ಕಣಗಳೂ ಅಲ್ಲಿಗೆ ಬಂದು ಅಪ್ಪಳಿಸುತ್ತವೆ. ಕೆ ಚೌಕಟ್ಟಿನಲ್ಲಿ ಸಿಲಿಂಡರನ್ನು ಹೊತ್ತ ತೋಳು ಮುಚ್ಚಿಕೊಳ್ಳಲು ಜಾಗ ಸಾಲದೆ, ನಳಿಗೆಯ ಆ ಹಿಂತುದಿಯ ಕೆಳಭಾಗವನ್ನು ಚಪ್ಪಟೆಯಾಗಿ ಅರೆದು ತೆಗೆಯಬೇಕಾಗಿತ್ತು. ಹಾಗಾಗಿ ಅತ್ಯಂತ ಹೆಚ್ಚು ಪೆಟ್ಟು ಬೀಳುವ ಉಂಗುರದ ಒಂದು ಕಡೆಯಲ್ಲಿ, ಗಡಿಯಾರದ 6 ಗಂಟೆಯ ಸ್ಥಾನದಲ್ಲಿ, ಉಕ್ಕು ಅತ್ಯಂತ ತೆಳುವಾಗಿತ್ತು. ಬಿರುಕು ಬಿಡಲು ತೊಡಗಿದಾಗ ಅದು ಬಿಟ್ಟದ್ದು ಅಲ್ಲಿಯೇ. ಎನ್ ಚೌಕಟ್ಟಿನಲ್ಲಿ ಆ ಉಂಗುರ ಸುತ್ತಲೂ ಒಂದೇ ದಪ್ಪದ್ದು. ಎರಡೂ ಆಯುಧಗಳಲ್ಲಿ ಸಿಡಿಯುವ ತೋಟಾ ಒಂದೇ, ಒತ್ತಡ ಒಂದೇ. ಒಂದಕ್ಕೆ ಗಾಯವಾದದ್ದು ಇನ್ನೊಂದಕ್ಕೆ ಘಟನೆಯೇ ಆಗಲಿಲ್ಲ.

ಹಗುರವಾದ ಗುಂಡು ಕಡಿಮೆ ಹಾನಿ ಮಾಡಬೇಕೆಂದು ತೋರುವುದು ಸಹಜ, ಆದರೆ ಅನುಭವ ಅದಕ್ಕೆ ವಿರುದ್ಧವಾಗಿತ್ತು. ಗುಂಡಿನ ತೂಕವನ್ನು ಗ್ರೇನ್ ಎಂಬ ಮಾನದಲ್ಲಿ ಹೇಳುತ್ತಾರೆ. 1 ಗ್ರಾಮಿಗೆ ಸುಮಾರು 15.4 ಗ್ರೇನ್. ಮೂಲ ಮ್ಯಾಗ್ನಮ್ ಗುಂಡು 158 ಗ್ರೇನ್, ಅಂದರೆ 10 ಗ್ರಾಮಿಗೆ ತುಸು ಹೆಚ್ಚು. ಮುಂದೆ ಪೊಲೀಸ್ ಬಳಕೆಯಲ್ಲಿ ಜನಪ್ರಿಯವಾದ 125 ಗ್ರೇನಿನ ಗುಂಡು 8 ಗ್ರಾಮಿನಷ್ಟು. ಅದರ ಹಿಂದೆ ಇನ್ನೂ ಹೆಚ್ಚು ಮದ್ದು ಇರುತ್ತಿತ್ತು. ಗುಂಡು ಗಿಡ್ಡವಾದ್ದರಿಂದ ಅದು ಕವಚವನ್ನು ಬೇಗ ಬಿಡುತ್ತಿತ್ತು, ಕೋನಿನ ಬಾಯಿಯನ್ನು ಬೇಗ ತೆರವು ಮಾಡುತ್ತಿತ್ತು, ಇನ್ನೂ ಉರಿಯುತ್ತಿರುವ ಮದ್ದು ಆ ತೆಳು ಉಂಗುರವನ್ನು ಮರಳಿನ ಬಿರುಗಾಳಿಯಂತೆ ಉಜ್ಜುತ್ತಿತ್ತು. ಹಾನಿಯನ್ನು ಅಳೆಯಬೇಕಾದದ್ದು ಹೊರೆಯ ತೂಕದಿಂದಲ್ಲ, ಬಲ ಆಶ್ರಯವನ್ನು ಯಾವ ಗಳಿಗೆಯಲ್ಲಿ, ಯಾವ ಸ್ಥಿತಿಯಲ್ಲಿ ಮುಟ್ಟುತ್ತದೆ ಎಂಬುದರಿಂದ ಎಂಬ ಪಾಠ ಇಲ್ಲಿದೆ.

1970ರ ಏಪ್ರಿಲ್ 6ರ ನಡುರಾತ್ರಿಯ ಸುಮಾರಿಗೆ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಎಂಬಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಹೆದ್ದಾರಿ ಪಹರೆ ಪಡೆಯ ನಾಲ್ವರು ಅಧಿಕಾರಿಗಳು ಸತ್ತರು. ಅದರ ನಂತರ ಅಮೆರಿಕದ ಪೊಲೀಸ್ ವಲಯಗಳಲ್ಲಿ ತರಬೇತಿಯ ಬಗೆಗೆ ಗಂಭೀರ ಮರುವಿಚಾರ ನಡೆಯಿತು. ಆಗ ಕೇಳಿಬಂದ ಆಕ್ಷೇಪಗಳಲ್ಲಿ ಒಂದು, ಸೌಮ್ಯ ತೋಟಾದಿಂದ ಅಭ್ಯಾಸ ಮಾಡಿ ಉಗ್ರ ತೋಟಾವನ್ನು ಹೊತ್ತು ತಿರುಗುವುದು ತಪ್ಪು ಎಂಬುದು. ಆಪತ್ತಿನ ಗಳಿಗೆಯಲ್ಲಿ ಯಾವುದು ಕೈಗೆ ಬರಬೇಕೋ ಅದನ್ನೇ ಅಭ್ಯಾಸದಲ್ಲಿಯೂ ಬಳಸಬೇಕೆಂಬ ನೀತಿ ಕ್ರಮೇಣ ಬೇರೂರಿತು. ಈ ನೀತಿ ಮನುಷ್ಯನ ದೃಷ್ಟಿಯಿಂದ ಸರಿಯಾದದ್ದೇ. ಅಭ್ಯಾಸ ಎಂಬುದು ನಿಜದ ಗಳಿಗೆಯನ್ನು ಹೋಲದಿದ್ದರೆ ಅದು ಅಭ್ಯಾಸವಲ್ಲ. ಆದರೆ ಆಯುಧದ ದೃಷ್ಟಿಯಿಂದ ಅದು 1955ರ ಬರೆಯದ ಒಪ್ಪಂದವನ್ನು ಸದ್ದಿಲ್ಲದೆ ಮುರಿಯಿತು. ವರ್ಷಕ್ಕೆ ಬೆರಳೆಣಿಕೆಯಷ್ಟು ಮ್ಯಾಗ್ನಮ್ ತೋಟಾಗಳನ್ನು ಕಾಣುತ್ತಿದ್ದ ಕೆ ಚೌಕಟ್ಟು ಈಗ ಅವುಗಳನ್ನೇ ನಿತ್ಯದ ಆಹಾರವಾಗಿ ಉಣ್ಣತೊಡಗಿತು. ತೆಳು ಉಂಗುರಗಳು ಬಿರಿದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೀಗೆ ಸವೆದುಹೋದ ರಿವಾಲ್ವರ್‌ಗಳಲ್ಲಿ ಬಹುಪಾಲು ಯಾವ ಮನುಷ್ಯನ ಮೇಲೂ ಒಂದು ಗುಂಡನ್ನೂ ಹಾರಿಸಿದ್ದಿರಲಾರದು. ಪೊಲೀಸರ ಕೈಯ ಆಯುಧ ಸವೆಯುವುದು ಕಾಗದದ ಗುರಿಗಳ ಮುಂದೆಯೇ. ಯಾವ ಕೃತ್ಯ ಎಂದಿಗೂ ನಡೆಯದಿರಲಿ ಎಂದು ಹೊತ್ತವರು ಹಾರೈಸುತ್ತಾರೋ ಆ ಕೃತ್ಯದ ಸಿದ್ಧತೆಯೇ ಉಪಕರಣವನ್ನು ತಿನ್ನುತ್ತದೆ. ಶಸ್ತ್ರದ ನೀತಿಯನ್ನು ಚರ್ಚಿಸುವವರು ಸಾಮಾನ್ಯವಾಗಿ ಅದು ಸಿಡಿದ ಆ ಒಂದು ಗಳಿಗೆಯನ್ನೇ ಎದುರಿಗಿಟ್ಟುಕೊಳ್ಳುತ್ತಾರೆ; ಆದರೆ ಶಸ್ತ್ರದ ಬಾಳಿನ ಬಹುಭಾಗ ಸಿದ್ಧತೆ, ಮತ್ತು ಸಿದ್ಧತೆಗೂ ಅದರದೇ ಆದ ಹೊರೆಯಿದೆ, ಅದರದೇ ಆದ ಶೇಷವಿದೆ ಎಂಬುದನ್ನು ಲೋಹವೇ ತೋರಿಸಿಕೊಡುತ್ತದೆ.

ಈ ಶೇಷದ ಸ್ವರೂಪವೇನು? ವೈಶೇಷಿಕರು ಸಂಸ್ಕಾರವೆಂಬ ಒಂದು ಗುಣವನ್ನು ಹೇಳಿ ಅದರಲ್ಲಿ ಮೂರು ಬಗೆಗಳನ್ನು ಎಣಿಸಿದರು. ಚಲನೆಯಲ್ಲಿರುವ ವಸ್ತುವನ್ನು ಮುಂದಕ್ಕೆ ಒಯ್ಯುವ ವೇಗ ಒಂದು. ಅನುಭವ ಮುಗಿದ ಮೇಲೂ ಆತ್ಮದಲ್ಲಿ ಉಳಿದು ನೆನಪಿಗೆ ಕಾರಣವಾಗುವ ಭಾವನೆ ಎರಡನೆಯದು. ಬಾಗಿದ್ದು ಮರಳಿ ತನ್ನ ಮೊದಲಿನ ನಿಲುವಿಗೆ ಬರುವಂತೆ ಮಾಡುವ ಸ್ಥಿತಿಸ್ಥಾಪಕ ಮೂರನೆಯದು. ಪ್ರಶಸ್ತಪಾದನ ಗ್ರಂಥದಲ್ಲಿ ಸ್ಥಿತಿಸ್ಥಾಪಕಕ್ಕೆ ಬಿಲ್ಲು, ಕೊಂಬೆ, ಕೋಡು ಮುಂತಾದವು ಉದಾಹರಣೆಗಳಾಗಿ ಬರುತ್ತವೆ. ಗುಂಡು ಸಿಡಿಸಿದ ಚೌಕಟ್ಟು ಕಣ್ಣಿಗೆ ಕಾಣದಷ್ಟು ಹಿಗ್ಗಿ ಮರಳಿ ಕುಗ್ಗುವುದೂ ಅದೇ ಗುಣದಿಂದ. ಈ ವಿಂಗಡಣೆಯ ಪ್ರಕಾರ ಜಡವಸ್ತುವಿಗೆ ಸೇರಿದ್ದು ಸ್ಥಿತಿಸ್ಥಾಪಕ, ಚೇತನಕ್ಕೆ ಸೇರಿದ್ದು ಭಾವನೆ: ಬಿಲ್ಲು ಮರಳಿ ನೆಟ್ಟಗಾಗುತ್ತದೆ, ಆದರೆ ಬಾಗಿದ್ದನ್ನು ನೆನಪಿಡುವುದಿಲ್ಲ. ಆಧುನಿಕ ಲೋಹಶಾಸ್ತ್ರ ಸೇರಿಸಿದ ತಿದ್ದುಪಡಿ ಇಲ್ಲಿಯೇ ಇದೆ. ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 19ನೆಯ ಶತಮಾನದ ನಡುಭಾಗದಲ್ಲಿ ರೈಲು ಅಚ್ಚುಗಳ ಮೇಲೆ ದೀರ್ಘಕಾಲ ಪ್ರಯೋಗಗಳನ್ನು ನಡೆಸಿ, ಒಂದು ಸಲಕ್ಕೆ ಮುರಿಯದ ಹೊರೆಯೇ ಮತ್ತೆ ಮತ್ತೆ ಬಿದ್ದಾಗ ಲೋಹವನ್ನು ಮುರಿಯುತ್ತದೆಂದು ತೋರಿಸಿದ. ಹೊರನೋಟಕ್ಕೆ ಸಂಪೂರ್ಣವಾಗಿ ಮೊದಲಿನಂತಾದ ಲೋಹ ಒಳಗೆ ಹೊಡೆತಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು.

ವೋಲರ್ ಕಂಡುಕೊಂಡ ಇನ್ನೊಂದು ಸಂಗತಿ ತಾತ್ತ್ವಿಕವಾಗಿ ಇದಕ್ಕಿಂತಲೂ ಮಹತ್ವದ್ದು. ಉಕ್ಕಿಗೆ ಒಂದು ಗೆರೆಯಿದೆ. ಆ ಗೆರೆಯ ಮೇಲಿನ ಪ್ರತಿಯೊಂದು ಹೊಡೆತವೂ ಲೆಕ್ಕಕ್ಕೆ ಸೇರುತ್ತದೆ. ಕೆಳಗಿನ ಹೊಡೆತಗಳು ಎಷ್ಟೇ ಬಿದ್ದರೂ ವ್ಯಾವಹಾರಿಕವಾಗಿ ಲೆಕ್ಕಕ್ಕೆ ಸೇರುವುದಿಲ್ಲ. ದೊಡ್ಡ ಚೌಕಟ್ಟು ಮಾಡುವ ಕೆಲಸ ಇದು: ಅದು ಹೊಡೆತವನ್ನು ಸಣ್ಣದು ಮಾಡುವುದಿಲ್ಲ, ಅದೇ ಹೊಡೆತವನ್ನು ಹೆಚ್ಚು ಲೋಹಕ್ಕೆ ಹಂಚಿ ಗೆರೆಯಿಂದ ಕೆಳಗೆ ಇಳಿಸುತ್ತದೆ. ಆದ್ದರಿಂದ ಎನ್ ಚೌಕಟ್ಟು ಕೆ ಚೌಕಟ್ಟಿಗಿಂತ ಇಷ್ಟು ಪಟ್ಟು ಗಟ್ಟಿ ಎಂದು ಹೇಳುವ ಲೆಕ್ಕ ವಿಷಯವನ್ನು ತಪ್ಪಾಗಿ ಹಿಡಿಯುತ್ತದೆ. ಅವುಗಳ ಅಂತರ ಪ್ರಮಾಣದ್ದಲ್ಲ, ಜಾತಿಯದು: ಒಂದರಲ್ಲಿ ಮ್ಯಾಗ್ನಮ್ ತೋಟಾ ಶೇಷ ಉಳಿಸುವ ಕರ್ಮ, ಇನ್ನೊಂದರಲ್ಲಿ ಅದು ಬಹುಮಟ್ಟಿಗೆ ಶೇಷವಿಲ್ಲದ ಕರ್ಮ. ಗೆರೆಯೂ ಸ್ಥಿರವಾದದ್ದೇನಲ್ಲ. ಅನಿಲದ ಉಜ್ಜುವಿಕೆಯಿಂದ ಮೇಲ್ಮೈ ಒರಟಾದರೆ, ಗೀರು ಬಿದ್ದರೆ, ತುಕ್ಕು ಹಿಡಿದರೆ ಅದು ಕೆಳಗೆ ಇಳಿಯುತ್ತದೆ, ನಿನ್ನೆ ಲೆಕ್ಕಕ್ಕೆ ಸೇರದ ಹೊಡೆತ ಇಂದು ಸೇರುತ್ತದೆ. ಹಿಂದಿನ ಸಂಸ್ಕಾರ ಮುಂದಿನದನ್ನು ತಡೆಯುವ ಶಕ್ತಿಯನ್ನೇ ಬದಲಿಸುತ್ತದೆ ಎಂಬ ಯೋಗಶಾಸ್ತ್ರದ ತಿಳುವಳಿಕೆ ಲೋಹದಲ್ಲಿಯೂ ಸತ್ಯ.

ಜೈನ ಕರ್ಮಸಿದ್ಧಾಂತ ಈ ಗೆರೆಯ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಎದುರಿಸಿದೆ. ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯ ಆಸ್ರವವನ್ನು, ಅಂದರೆ ಜೀವದೊಳಕ್ಕೆ ಕರ್ಮದ ಒಳಹರಿವನ್ನು, ವಿಚಾರಿಸುತ್ತದೆ. ಕಷಾಯಗಳಿಂದ, ಎಂದರೆ ಕ್ರೋಧ, ಮಾನ, ಮಾಯೆ, ಲೋಭಗಳಿಂದ, ಕೂಡಿದ ಕ್ರಿಯೆಯ ಒಳಹರಿವು ಅಂಟಿಕೊಂಡು ದೀರ್ಘಕಾಲ ನಿಲ್ಲುತ್ತದೆ, ಅದು ಸಾಂಪರಾಯಿಕ. ಕಷಾಯವಿಲ್ಲದವನ ಕ್ರಿಯೆಯ ಒಳಹರಿವು ಬಂದು ತಾಗಿ ಆಗಲೇ ಕಳಚಿಹೋಗುತ್ತದೆ, ಅದು ಈರ್ಯಾಪಥ. ಇಲ್ಲಿಯೂ ಒಂದು ಗೆರೆಯಿದೆ, ಆದರೆ ಅದನ್ನು ಎಳೆಯುವುದು ಹೊಡೆತದ ಗಾತ್ರವಲ್ಲ, ಹೊಡೆತ ತಾಗುವ ಆಶ್ರಯದ ಸ್ಥಿತಿ. ಅದೇ ಅಧ್ಯಾಯ, ಒಂದೇ ಕ್ರಿಯೆಯ ಒಳಹರಿವಿನಲ್ಲಿ ಹೆಚ್ಚುಕಡಿಮೆ ಉಂಟಾಗುವುದಕ್ಕೆ ಕೊಡುವ ಕಾರಣಗಳಲ್ಲಿ ತೀವ್ರತೆ, ಮಂದತೆ, ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು ಇವುಗಳ ಜೊತೆಗೆ ಅಧಿಕರಣ ಮತ್ತು ವೀರ್ಯ ಎಂಬ ಎರಡನ್ನೂ ಸೇರಿಸಿದೆ. ಅಧಿಕರಣವೆಂದರೆ ಕ್ರಿಯೆಗೆ ನೆಲೆಯಾದದ್ದು, ಅದು ಜೀವವೂ ಆಗಬಹುದು, ಅಜೀವ ಉಪಕರಣವೂ ಆಗಬಹುದು, ವೀರ್ಯವೆಂದರೆ ಶಕ್ತಿ. ಬಲವನ್ನೂ ಅದರ ಆಶ್ರಯವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಇವೆರಡರ ಸಂಬಂಧದಲ್ಲಿಯೇ ಫಲದ ಅಂತರವನ್ನು ಕಾಣಬೇಕೆಂದ ಈ ಸೂಕ್ಷ್ಮತೆ, ಚೌಕಟ್ಟಿನ ಗಾತ್ರವನ್ನು ಕೇವಲ ಗಾತ್ರವಾಗಿ ನೋಡುವವರಿಗಿಂತ ಬಹಳ ಮುಂದಿದೆ.

ದೊಡ್ಡ ಚೌಕಟ್ಟು ಅಮರವೇನೂ ಅಲ್ಲ. 1955ರ ಕೊನೆಯಿಂದ 1956ರ ಆರಂಭದ ಹೊತ್ತಿಗೆ ಬಂದ .44 ಮ್ಯಾಗ್ನಮ್ ಅದೇ ಎನ್ ಚೌಕಟ್ಟನ್ನು ಅದರ ಗೆರೆಯ ಹತ್ತಿರಕ್ಕೆ ಒಯ್ದಿತು. ಆ ತೋಟಾದ ರಿವಾಲ್ವರ್ ಮುಂದೆ ಮಾಡೆಲ್ 29 ಎಂದು ಹೆಸರಾಯಿತು. ಹೆಚ್ಚಿನವರ ಕೈಯಲ್ಲಿ ಅದು ಅಪರೂಪಕ್ಕೊಮ್ಮೆ ಸಿಡಿಯುವ ಆಯುಧವಾಗಿದ್ದಷ್ಟು ಕಾಲ ದೋಷ ಕಾಣಲಿಲ್ಲ. 1976ರಲ್ಲಿ ಲೋಹದ ಪ್ರಾಣಿಯಾಕೃತಿಗಳನ್ನು 200 ಮೀಟರ್‌ವರೆಗಿನ ದೂರದಿಂದ ಕೆಡಹುವ ಕ್ರೀಡೆಗೆ ಅಂತರರಾಷ್ಟ್ರೀಯ ಸಂಘಟನೆಯೊಂದು ಹುಟ್ಟಿದ ಮೇಲೆ, ಭಾರವಾದ ಗುಂಡುಗಳನ್ನು ಸಾವಿರಗಟ್ಟಲೆ ಹಾರಿಸುವ ಹೊಸ ಬಗೆಯ ಬಳಕೆದಾರರು ಬಂದರು. ಸಿಲಿಂಡರ್ ಹಿಂದೆಮುಂದೆ ಅಲುಗತೊಡಗಿತು, ಸಿಡಿತದ ರಭಸಕ್ಕೆ ಅದರ ಕೀಲು ಬಿಚ್ಚಿಕೊಂಡು ಹಿಮ್ಮುಖವಾಗಿ ತಿರುಗುವ ತೊಂದರೆಯೂ ಕಂಡಿತು. 1980ರ ದಶಕದ ಕೊನೆಯಲ್ಲಿ ಕಂಪನಿ ಒಳಭಾಗಗಳನ್ನು ಬಲಪಡಿಸಿತು. ಸ್ಟರ್ಮ್ ರೂಗರ್ ಕಂಪನಿ ಈ ಅವಧಿಯಲ್ಲಿ ಪಕ್ಕದ ತಟ್ಟೆಯಿಲ್ಲದ ಇಡಿಯಾದ ಚೌಕಟ್ಟುಗಳನ್ನು ಎರಕದಿಂದ ದಪ್ಪವಾಗಿ ತಯಾರಿಸಿ, 1979ರ ರೆಡ್‌ಹಾಕ್‌ನಂಥ ರಿವಾಲ್ವರ್‌ಗಳಿಂದ ಬಾಳಿಕೆಯ ಹೆಸರನ್ನು ಗಳಿಸಿತು. ಸ್ಮಿತ್ ಅಂಡ್ ವೆಸನ್ .357ಕ್ಕೆ ಕಂಡುಕೊಂಡ ಉತ್ತರ 1980ರ ದಶಕದ ಆರಂಭದ ಎಲ್ ಚೌಕಟ್ಟು. ಮಾಡೆಲ್ 586, 686 ಎಂಬ ಇವುಗಳ ಹಿಡಿ ಕೆ ಚೌಕಟ್ಟಿನದೇ. ಬದಲಾದದ್ದು ಬಲ ನಿಜವಾಗಿ ಬೀಳುವ ಜಾಗದ ಅಳತೆ, ಅದರಿಂದಾಗಿ ಕೋನಿನ ಉಂಗುರ ಚಪ್ಪಟೆಯಾಗದೆ ಪೂರ್ತಿ ಉಳಿಯಿತು. ಮನುಷ್ಯನ ಕೈಯನ್ನು ಮುಟ್ಟುವ ಭಾಗವನ್ನು ಹಾಗೆಯೇ ಬಿಟ್ಟು ಬಲ ಮುಟ್ಟುವ ಭಾಗವನ್ನಷ್ಟೇ ಬೆಳೆಸಿದ ಈ ವಿವೇಚನೆ ರಿವಾಲ್ವರ್ ನಿರ್ಮಾಣದ ಚರಿತ್ರೆಯಲ್ಲಿ ಅತ್ಯಂತ ಪ್ರೌಢವಾದ ನಿರ್ಧಾರಗಳಲ್ಲಿ ಒಂದು.

ಎಲ್ಲ ಹಾನಿಯೂ ಬೆಳೆಯುತ್ತಲೇ ಹೋಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಸಂದಿನಿಂದ ಚಿಮ್ಮುವ ಜ್ವಾಲೆ ಚೌಕಟ್ಟಿನ ಮೇಲಿನ ಪಟ್ಟಿಯಲ್ಲಿ ಒಂದು ಗೀರನ್ನು ಕೊರೆಯುತ್ತದೆ. ಮೊದಲ ಸಲ ಕಂಡವರು ಅದಕ್ಕೆ ಹೆದರುತ್ತಾರೆ. ಆದರೆ ಸಾಮಾನ್ಯವಾಗಿ ಅದು ಸ್ವಲ್ಪ ಆಳಕ್ಕೆ ಹೋಗಿ ತಾನಾಗಿಯೇ ನಿಲ್ಲುತ್ತದೆ. ಕಣ್ಣಿಗೆ ಎದ್ದು ಕಾಣುವ ಗಾಯ ನಿರಪಾಯಕಾರಿ, ಅಡಗಿರುವ ಬಿರುಕು ಅಪಾಯಕಾರಿ.

ದೊಡ್ಡ ಚೌಕಟ್ಟಿನ ವಿರುದ್ಧ ದಿಕ್ಕಿನ ತುದಿಯಲ್ಲಿ ಅತಿಹಗುರ ರಿವಾಲ್ವರ್‌ಗಳಿವೆ. ಸ್ಕ್ಯಾಂಡಿಯಂ ಬೆರೆಸಿದ ಅಲ್ಯುಮಿನಿಯಂ ಚೌಕಟ್ಟು ಮತ್ತು ಟೈಟಾನಿಯಂ ಸಿಲಿಂಡರಿನಿಂದಾದ ಜೆ ಗಾತ್ರದ ಮಾದರಿಗಳು 350 ಗ್ರಾಮಿನ ಆಸುಪಾಸು ತೂಗುತ್ತ .357 ಮ್ಯಾಗ್ನಮ್ ಅನ್ನು ಸಿಡಿಸುತ್ತವೆ. ಅಲ್ಯುಮಿನಿಯಂ ಮಿಶ್ರಲೋಹಗಳಿಗೆ ಉಕ್ಕಿಗಿರುವಂಥ ಸ್ಪಷ್ಟ ಗೆರೆಯಿಲ್ಲ. ಸಣ್ಣ ಹೊಡೆತವೂ ಲೆಕ್ಕಕ್ಕೆ ಸೇರುತ್ತದೆ. ಹಾಗಿದ್ದರೂ ಇವು ಸಾಮಾನ್ಯವಾಗಿ ಬೇಗ ಹಾಳಾಗದಿರುವುದಕ್ಕೆ ಕಾರಣ ಲೋಹದಲ್ಲಿಲ್ಲ, ಮನುಷ್ಯನ ಅಂಗೈಯಲ್ಲಿದೆ. ಗುಂಡು ಮುಂದಕ್ಕೆ ಪಡೆದಷ್ಟೇ ಸಂವೇಗವನ್ನು ಆಯುಧ ಹಿಂದಕ್ಕೆ ಪಡೆಯುತ್ತದೆ; ಆಯುಧ ಹಗುರವಾದಷ್ಟೂ ಕೈಗೆ ಬೀಳುವ ಪೆಟ್ಟು ಕಠೋರ. ಕೆಲವೇ ಸಿಡಿತಗಳ ನಂತರ ಹೆಚ್ಚಿನವರು ಅದನ್ನು ಕೆಳಗಿಡುತ್ತಾರೆ. ನೋವು ಇಲ್ಲಿ ಮಿತಿಯನ್ನು ಸಾರುವ ಕಾವಲುಗಾರ. ಭಾರವಾದ ಚೌಕಟ್ಟು ಆ ಕಾವಲುಗಾರನನ್ನು ತೆಗೆದುಹಾಕುತ್ತದೆ. ಬಲ ಸುಖಕರವಾದಾಗ ಅದನ್ನು ಎಷ್ಟು ಸಲ ಪ್ರಯೋಗಿಸಬೇಕೆಂಬ ನಿರ್ಧಾರ ದೇಹದ ಕೈಬಿಟ್ಟು ವಿವೇಕದ ಮೇಲೊಂದೇ ಬೀಳುತ್ತದೆ. ಬಾಳಿಕೆಯನ್ನು ಹೆಚ್ಚಿಸಿದ ಪ್ರತಿಯೊಂದು ಸುಧಾರಣೆಯೂ ಸಂಯಮದ ಹೊಣೆಯನ್ನು ಹೆಚ್ಚಿಸಿದೆ ಎಂಬ ಈ ಸಂಗತಿ ಆಯುಧಗಳಾಚೆಗೂ ಅನ್ವಯಿಸುವಂಥದು.

ಆರಂಭದಲ್ಲಿ ಬಾಕಿಯಿಟ್ಟ ಅನುಮಾನವನ್ನು ಈಗ ಎತ್ತಿಕೊಳ್ಳಬೇಕು. ಕೊಲ್ಲಲೆಂದೇ ಮಾಡಿದ ವಸ್ತುವಿನ ಬಾಳಿಕೆಯನ್ನು ಕುರಿತು ಯೋಚಿಸುವುದು ಆ ವಸ್ತುವಿಗೆ ಸಮ್ಮತಿ ಕೊಟ್ಟಂತೆ ಆಗುವುದಿಲ್ಲವೇ? ಕನ್ನಡನಾಡಿನ ಜೈನ ಗೃಹಸ್ಥರಿಗೆ ಚಿರಪರಿಚಿತವಾದ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ, ಅಂದರೆ ಪ್ರಯೋಜನವಿಲ್ಲದೆ ಮಾಡುವ ಹಾನಿಗಳಲ್ಲಿ, ಹಿಂಸಾದಾನವನ್ನು ಒಂದಾಗಿ ಎಣಿಸಿದೆ: ಹಿಂಸೆಗೆ ಒದಗುವ ಉಪಕರಣವನ್ನು ಇನ್ನೊಬ್ಬರಿಗೆ ಕೊಡುವುದೇ ಒಂದು ದೋಷ. ಆ ಪಟ್ಟಿಯಲ್ಲಿ ಕತ್ತಿ ಮತ್ತು ಆಯುಧಗಳ ಜೊತೆಗೆ ಕೊಡಲಿ, ಗುದ್ದಲಿ, ಬೆಂಕಿಗಳೂ ಇವೆ. ವಸ್ತುವಿನ ಜಾತಿಗಿಂತ ಕೊಡುವ ಕ್ರಿಯೆಯ ಹೊಣೆಯ ಮೇಲೆ ಬಿದ್ದ ಈ ಒತ್ತು ಇಲ್ಲಿ ಬಹಳ ಸಹಾಯಕ್ಕೆ ಬರುತ್ತದೆ. ಅಹಿಂಸೆಯನ್ನು ಪರಮಧರ್ಮವಾಗಿ ಒಪ್ಪಿದವರಿಗೆ ರಿವಾಲ್ವರ್ ತಯಾರಿಕೆಯೇ ಸಲ್ಲದು. ಆ ನಿಲುವಿನ ಘನತೆಯನ್ನು ಕಡಿಮೆ ಮಾಡುವ ಯಾವ ವಾದವೂ ಈ ವಿಚಾರದಲ್ಲಿಲ್ಲ. ಆದರೆ ತಯಾರಾಗಿ, ಕೈಯಿಂದ ಕೈಗೆ ಹೋಗುತ್ತಿರುವ ಆಯುಧದ ಮಿತಿಯನ್ನು ಮುಚ್ಚಿಡುವುದು ಮೊದಲ ದೋಷಕ್ಕೆ ಎರಡನೆಯದನ್ನು ಸೇರಿಸುತ್ತದೆ. ಸಿಲಿಂಡರ್ ನಳಿಗೆಯ ನೇರಕ್ಕೆ ನಿಲ್ಲದಷ್ಟು ಸವೆದ ರಿವಾಲ್ವರ್, ಗುಂಡಿನ ಸೀಸವನ್ನು ಕೆತ್ತಿ ಪಕ್ಕದಲ್ಲಿ ನಿಂತವರ ಮುಖಕ್ಕೆ ಎರಚುತ್ತದೆ. ಅಂಥ ಗಾಯಕ್ಕೆ ಶತ್ರು ಬೇಕಿಲ್ಲ, ಕೋಪ ಬೇಕಿಲ್ಲ, ತಿಳಿಯದಿರುವುದೊಂದೇ ಸಾಕು. ತಿಳಿದು ಮಾಡಿದ್ದಕ್ಕೂ ತಿಳಿಯದೆ ಮಾಡಿದ್ದಕ್ಕೂ ತತ್ತ್ವಾರ್ಥಸೂತ್ರ ತೋರುವ ಅಂತರ ಇಲ್ಲಿ ತಯಾರಕನಿಗೂ ಬಳಕೆದಾರನಿಗೂ ನಡುವೆ ಹಂಚಿಹೋಗುತ್ತದೆ: ಬಳಕೆದಾರ ತಿಳಿಯದೆ ಮಾಡುತ್ತಾನೆ, ತಿಳಿದವನು ಹೇಳದೆ ಉಳಿಯುತ್ತಾನೆ.

ಹೀಗೆ ನೋಡಿದಾಗ ಮಾಡೆಲ್ 19ರ ಬಗೆಗೆ ಸಾಮಾನ್ಯವಾಗಿ ಕೊಡುವ ಎರಡು ತೀರ್ಪುಗಳೂ ಒಪ್ಪತಕ್ಕವಲ್ಲ. ಅದು ದುರ್ಬಲ ಆಯುಧ ಎನ್ನುವವರು ಅದು ಯಾವ ಬಾಳಿಗಾಗಿ ಹುಟ್ಟಿತೆಂಬುದನ್ನು ಮರೆಯುತ್ತಾರೆ. ಬಳಸಿದವರೇ ಅದನ್ನು ಹಾಳುಮಾಡಿದರು ಎನ್ನುವವರು ಆ ಬಾಳಿನ ಶರತ್ತನ್ನು ಯಾರೂ ಆಯುಧದ ಮೇಲೆ ಬರೆದಿರಲಿಲ್ಲವೆಂಬುದನ್ನು ಮರೆಯುತ್ತಾರೆ. ಒಂದು ಗಳಿಗೆಯ ಸಾಮರ್ಥ್ಯವನ್ನು ನಳಿಗೆಯ ಮೇಲೆ ಕೊರೆದು ಆಯುಷ್ಯದ ಸಾಮರ್ಥ್ಯವನ್ನು ರೂಢಿಗೆ ಬಿಟ್ಟದ್ದೇ ದೋಷ. ರೂಢಿ 15 ವರ್ಷಗಳಲ್ಲಿ ಬದಲಾಯಿತು, ಲೋಹದ ಬರಹ ಬದಲಾಗಲಿಲ್ಲ. 2014ರಲ್ಲಿ ಮಾಡೆಲ್ 66 ಮತ್ತು 2018ರಲ್ಲಿ ಮಾಡೆಲ್ 19 ಮರಳಿ ಬಂದಾಗ ಕಂಪನಿ ನಳಿಗೆಯನ್ನು ಬೇರೆ ಬಗೆಯಲ್ಲಿ ಕೂಡಿಸಿ, ಕೋನಿನ ಕೆಳಗಿನ ಚಪ್ಪಟೆ ಕಡಿತವನ್ನು ತೆಗೆದುಹಾಕಿತು. ಆದರೆ ಹಳೆಯವು ಇಂದಿಗೂ ಬಳಕೆಯಲ್ಲಿವೆ. ಅವುಗಳನ್ನು ಹೊಂದಿರುವವರು ಹಗುರವಾದ 125 ಗ್ರೇನಿನ ಮ್ಯಾಗ್ನಮ್ ತೋಟಾಗಳನ್ನು ದೂರವಿಟ್ಟು, .38 ಸ್ಪೆಷಲ್ ಅನ್ನೇ ನಿತ್ಯದ ಬಳಕೆಗೆ ಇರಿಸಿಕೊಂಡು, ಕೋನಿನ ಕೆಳಭಾಗವನ್ನು ಆಗಾಗ ಬೆಳಕು ಹಿಡಿದು ಪರೀಕ್ಷಿಸಬೇಕು. ವಿಮಾನದ ಎಂಜಿನ್ನಿನಲ್ಲಿ ತಿರುಗುವ ಬಿಲ್ಲೆಗಳನ್ನು ಇಂತಿಷ್ಟು ಹಾರಾಟಗಳ ನಂತರ, ಅವು ಮೇಲ್ನೋಟಕ್ಕೆ ಹೊಸದರಂತೆ ಇದ್ದರೂ, ತೆಗೆದುಹಾಕಲೇಬೇಕೆಂಬ ನಿಯಮವಿದೆ, ಆ ಸಂಖ್ಯೆಯನ್ನು ತಯಾರಕರೇ ಮೊದಲೇ ಘೋಷಿಸುತ್ತಾರೆ. ಬಂದೂಕು ತಯಾರಕರೂ ತಮ್ಮ ಪ್ರತಿಯೊಂದು ಚೌಕಟ್ಟು ಪೂರ್ಣಬಲದ ಎಷ್ಟು ತೋಟಾಗಳನ್ನು ಹೊರಬಲ್ಲದೆಂದು ಪರೀಕ್ಷಿಸಿ, ಆ ಸಂಖ್ಯೆಯನ್ನು ತೋಟಾದ ಹೆಸರಿನ ಪಕ್ಕದಲ್ಲಿಯೇ ಕೊರೆಯಬೇಕು.